ಸರ್ಕಲ್ಲಿನ ಕಂಬದ ಮೇಲೆ ನಮ್ಮ ಸಿರಿ

ನಾವಿನ್ನೂ ಹಾಲು ಉಕ್ಕಿಸಿರಲಿಲ್ಲ. ಲಾರಿಯಿಂದ ಇಳಿಸಿದ ಮಂಚ, ಟ್ರಂಕು, ಪಾತ್ರೆಯ ಮೂಟೆಗಳು ಆದವಾನಿಯ ಆ ಬಾಡಿಗೆ ಮನೆಯ ನಡುಮನೆಯಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಒಲೆಯ ಮೇಲೆ ಹಾಲಿಟ್ಟು ಕಾಯುತ್ತ ನಿಂತಿದ್ದೆ. ಮೇ ತಿಂಗಳ ಮಧ್ಯಾಹ್ನ. ನಾಯಿಯೂ ನೆರಳು ಬಿಟ್ಟು ಏಳದ ಹೊತ್ತು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಮೂವರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ನಮಸ್ಕಾರ್ರೀ ಅಮ್ಮಾ. ದಾವಣಗೇರಿಯಿಂದ ಬಂದೋರು ನೀವಾ ಅಲ್ಲೇನ್ರಿ? ಸಿರಿ ಪಾಪ ಎಲ್ಲದಾಳ್ರಿ?" ಎಂದ, ಅವರಲ್ಲಿ ಕಿರಿಯವನು.

ಪಾಪ ಎಂದರೆ ಇಲ್ಲಿ ಹೆಣ್ಣುಮಗು. ಅದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ಊರಿಗೆ ಕಾಲಿಟ್ಟು ಅರ್ಧ ದಿನವೂ ಆಗಿಲ್ಲ, ಯಾರೋ ಮೂವರು ಅಪರಿಚಿತರು ನನ್ನ ಮೊಮ್ಮಗಳ ಹೆಸರು ಹಿಡಿದು ಕೇಳುತ್ತಿದ್ದಾರೆ.

"ಯಾರು ನೀವು? ಅವಳ ಹೆಸರು ನಿಮಗೆ ಹೇಗೆ ಗೊತ್ತು?"

"ಶಾಲಿಯವರ್ರಿ. ಕೆಳಗಡೆ ಗೌರಮ್ಮನವರು ಹೇಳಿದ್ರು, ಲೆಕ್ಕದಾಗ ಜಿಲ್ಲಾಕ್ಕ ಫಸ್ಟ್ ಬಂದ ಪಾಪ ನಮ್ಮ ಮನಿಗೆ ಬರಾಕತ್ತ್ಯಾಳ ಅಂತ. ಬ್ಯಾರೆ ಶಾಲಿಯವರು ಬರಾದರಾಗ ನಾವಾ ಬಂದೀವ್ರಿ."

ಹಿಂದೆ ಒಲೆಯ ಮೇಲೆ ಸುರ್ ಎಂದಿತು. ನಾನು ತಿರುಗುವುದರೊಳಗೆ ಹಾಲು ಉಕ್ಕಿ, ಚೆಲ್ಲಿ, ತಳ ಹಿಡಿದಿತ್ತು. ಉಕ್ಕುವುದನ್ನು ಕಣ್ಣಾರೆ ನೋಡದ ಗೃಹಪ್ರವೇಶ ನಮ್ಮದೊಂದೇ ಇರಬೇಕು.

ನನ್ನ ಪರಿಚಯ ಹೇಳಿಬಿಡುತ್ತೇನೆ. ದಾವಣಗೆರೆಯ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ನರ್ಸಿಂಗ್ ಹಾಸ್ಟೆಲಿನಲ್ಲಿ ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ತಿಂಡಿ ಸಿಗುತ್ತಿರಲಿಲ್ಲ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ವಾರ್ಡು. ಆ ಶಿಸ್ತು ಇವತ್ತಿಗೂ ಮೈಯಲ್ಲಿದೆ. ಮಗಳು ಶಾರದಾ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಆದವಾನಿಗೆ ಬಂದಳು. ಅಳಿಯ ದೂರದ ರಾಜ್ಯದಲ್ಲಿ ಸೇತುವೆ ಕಟ್ಟಿಸುವ ಕೆಲಸದಲ್ಲಿದ್ದಾನೆ, ಬಿಡುವಾದಾಗ ಬರುತ್ತಾನೆ. ಮೊಮ್ಮಗಳು ಸಿರಿ ಏಳನೇ ತರಗತಿಗೆ ಬಂದವಳು. ಅವಳನ್ನು ನೋಡಿಕೊಳ್ಳಲು ನಾನೂ ಗಂಟುಮೂಟೆ ಕಟ್ಟಿದೆ.

ಅಂದು ಬಂದವರು ಶಾಲೆಯ ಗುಮಾಸ್ತರೋ ಏಜೆಂಟರೋ ಅಲ್ಲ, ಪಾಠ ಹೇಳುವ ಮೇಷ್ಟ್ರುಗಳು! ಕಿರಿಯವನ ಹೆಸರು ಈರಣ್ಣ. ಹೊಳಗುಂದದ ಕಡೆಯ ಹುಡುಗ, ಲೆಕ್ಕದ ಮೇಷ್ಟ್ರು. ಕನ್ನಡ ಬರುತ್ತದೆಂದು ಕನ್ನಡದ ಮನೆಗಳಿಗೆಲ್ಲ ಅವನನ್ನೇ ಅಟ್ಟುತ್ತಾರಂತೆ. ಬೇಸಿಗೆ ರಜೆಯೆಂದರೆ ಅವರಿಗೆ ರಜೆಯಲ್ಲ; ಬಿಸಿಲಲ್ಲಿ ಓಣಿ ಓಣಿ ತಿರುಗಿ ಮಕ್ಕಳನ್ನು ಸೇರಿಸಬೇಕು. ಇಷ್ಟು ಮಕ್ಕಳೆಂದು ಒಬ್ಬೊಬ್ಬರಿಗೂ ಗುರಿ ಕೊಟ್ಟಿರುತ್ತಾರೆ. ಗುರಿ ಮುಟ್ಟದಿದ್ದರೆ ಜೂನ್‌ನಲ್ಲಿ ಕೆಲಸ ಇರುತ್ತದೆಂಬ ಭರವಸೆಯಿಲ್ಲ. ನಮ್ಮ ದಾವಣಗೆರೆಯೂ ಕಾಲೇಜುಗಳ ಊರೇ, ಜಾಹೀರಾತಿಗೆ ಅಲ್ಲೇನೂ ಬರವಿಲ್ಲ. ಆದರೆ ಗಣಿತದ ಮೇಷ್ಟ್ರು ಅಪರಿಚಿತರ ಬಾಗಿಲಲ್ಲಿ ಕೈಮುಗಿದು ನಿಲ್ಲುವುದನ್ನು ನಾನು ಅಲ್ಲಿ ಕಂಡಿರಲಿಲ್ಲ. ನೀರು ಕೊಟ್ಟೆ. ಗಟಗಟ ಕುಡಿದು ಮತ್ತೆ ಬಿಸಿಲಿಗೆ ಇಳಿದರು.

ಆದವಾನಿ ಅಪರಿಚಿತ ಊರೇನೂ ಅಲ್ಲ ಎಂದು ಹೊರಡುವಾಗ ಎಲ್ಲರೂ ಹೇಳಿದ್ದರು. ಗಡಿ ದಾಟಿದರೆ ಆಯಿತು, ಮಾತು ನಮ್ಮದೇ ಎಂದಿದ್ದರು. ಅರ್ಧ ನಿಜ. ಇಲ್ಲಿಯೂ ಬೆಳಿಗ್ಗೆ ಮಂಡಕ್ಕಿ ತಿನ್ನುತ್ತಾರೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಹೆಸರು ಮಾತ್ರ ಉಗ್ಗಾನಿ. ನಮ್ಮ ಖಾರ ಮಂಡಕ್ಕಿ ಗರಿಗರಿ, ಇವರದು ನೀರಲ್ಲಿ ನೆನೆಸಿ ಹಿಂಡಿದ ಮೆತ್ತಗಿನದು. ಕೆಳಗಿನ ಮನೆಯಲ್ಲಿರುವ ನಮ್ಮ ಮನೆಯೊಡತಿ ಗೌರಮ್ಮನವರು ಹಣೆತುಂಬ ವಿಭೂತಿ ಹಚ್ಚಿ ನನ್ನ ಹತ್ತಿರ ಕನ್ನಡ, ಹಾಲಿನವನ ಹತ್ತಿರ ತೆಲುಗು, ಮೆಣಸಿನಕಾಯಿ ಮಾರುವ ಬೀಬಿಯ ಹತ್ತಿರ ಉರ್ದು ಮಾತಾಡಿ ಒಂದೇ ಉಸಿರಿನಲ್ಲಿ ಮೂರೂ ವ್ಯವಹಾರ ಮುಗಿಸುತ್ತಾರೆ. ಬೋರ್ಡುಗಳನ್ನು ನೋಡಿದರೆ ನಮ್ಮ ಅಕ್ಷರಗಳೇ ಬೇರೆ ತಲೆಕಟ್ಟು ಹಾಕಿಕೊಂಡು ಕುಳಿತಂತಿರುತ್ತವೆ. ಓದಬಲ್ಲೆನೆಂದು ಬಾಯಿ ತೆರೆದರೆ ಅರ್ಧಕ್ಕೆ ನಿಲ್ಲುತ್ತದೆ. ನಲ್ಲಿಯ ನೀರು ದಿನವೂ ಬರುವುದಿಲ್ಲ. ಬಂದ ದಿನ ಇಡೀ ಓಣಿ ಎದ್ದು ಓಡಾಡುತ್ತದೆ. ಅದು ನನಗೆ ಕಷ್ಟವಾಗಲಿಲ್ಲ. ಡ್ರಮ್ಮುಗಳನ್ನು ಸಾಲಾಗಿಟ್ಟು ಮುಚ್ಚಳ ಕಟ್ಟಿದೆ.

ಕಷ್ಟವಾದದ್ದು ಶಾಲೆಯದು.

ಸಿರಿಗೆ ಲೆಕ್ಕವೆಂದರೆ ಆಟ. ದಾವಣಗೆರೆಯಲ್ಲಿ ರುದ್ರಮುನಿ ಮೇಷ್ಟ್ರು ಎಂಬವರು ಅವಳಿಗೆ ದಾರಿ ಹಾಕಿಕೊಟ್ಟರು. ಒಂದು ಲೆಕ್ಕ ಕೊಟ್ಟು, "ಉತ್ತರ ಬೇಡ, ನಾಳೆ ಬಂದು ಇದರಲ್ಲಿ ನಿನಗೇನು ವಿಚಿತ್ರ ಕಂಡಿತು ಹೇಳು" ಎಂದು ಕಳಿಸುತ್ತಿದ್ದರು. ಇವಳು ಹಿತ್ತಲ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ ಕೂರುತ್ತಿದ್ದಳು. ಜಿಲ್ಲೆಯ ಗಣಿತ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದದ್ದು ಹಾಗೆ. ಇಂಥ ಮಗುವನ್ನು ಹೊಸ ಊರಿನಲ್ಲಿ ಎಲ್ಲಿ ಹಾಕುವುದು? ಶಾರದಾಳಿಗೆ ನಿದ್ದೆ ಇರಲಿಲ್ಲ. "ಅಮ್ಮಾ, ನನ್ನ ಟ್ರಾನ್ಸ್‌ಫರಿಂದ ಇವಳ ಬುದ್ಧಿ ಮುರುಟಿ ಹೋಗಬಾರದು ಕಣೆ," ಎನ್ನುತ್ತಿದ್ದಳು.

ಈರಣ್ಣನ ಶಾಲೆಗೆ ನಾವೇ ಹೋದೆವು. ಗೋಡೆಯ ಮೇಲೆ ಅಂಟಿಸಿದ್ದ ವೇಳಾಪಟ್ಟಿ ನೋಡಿ ನಾನು ಮರುಳಾದೆ. ಬೆಳಗಿನಿಂದ ಸಂಜೆಯವರೆಗೆ ಪ್ರತಿ ಗಂಟೆಗೂ ಒಂದು ಕೆಲಸ. ನಮ್ಮ ನರ್ಸಿಂಗ್ ಶಾಲೆಯೇ ಎದುರು ಬಂದಂತಾಯಿತು. ಸಿರಿಗೆ ಪರೀಕ್ಷೆ ಕೊಟ್ಟರು. ನೋಡಿದವರೇ 'ಡೈಮಂಡ್ ಬ್ಯಾಚ್' ಎಂದರು. ಏಳನೇ ತರಗತಿಯಲ್ಲೇ ಮುಂದಿನ ಇಂಜಿನಿಯರಿಂಗ್ ಪರೀಕ್ಷೆಗಳಿಗೆ ತಯಾರು ಮಾಡುವ, ಆಯ್ದ ಮಕ್ಕಳ ವಿಭಾಗ ಅದು. "ಅವಳಿಗೆ ತೆಲುಗು ಬರುವುದಿಲ್ಲವಲ್ಲ, ಪಾಠ ಹೇಗೆ?" ಎಂದೆ. ಪ್ರಿನ್ಸಿಪಾಲರು ನಕ್ಕರು. ಅವರ ಮಾತನ್ನು ಈರಣ್ಣ ಕನ್ನಡಕ್ಕೆ ತಂದ: "ತೆಲುಗಿಗೆ ಯಾಕ ಟೈಮ್ ಹಾಳು ಮಾಡಬೇಕಂತಾರ್ರಿ. ಆ ಪೀರಿಯಡ್ಡಿನ್ಯಾಗೂ ಲೆಕ್ಕಾನ ಮಾಡ್ಲಿ, ಪರೀಕ್ಷಿ ಟೈಮಿಗೆ ಹ್ಯಾಂಗಾರ ನೋಡ್ಕಳಾಮಂತ."

ಊರಿನ ಭಾಷೆ ಕಲಿಯುವುದು ಹಾಳು ಎನ್ನುವ ಶಾಲೆಯಿಂದ ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ವೇಳಾಪಟ್ಟಿ ಚೆನ್ನಾಗಿತ್ತು.

ಜುಲೈ ಮುಗಿಯುವುದರೊಳಗೆ ಮಗು ಬದಲಾಯಿತು. ವೇಳಾಪಟ್ಟಿಯಲ್ಲಿ ಆಟದ ಗಂಟೆ ಇತ್ತು. ಆ ಗಂಟೆಯಲ್ಲಿ ಡೈಮಂಡ್ ಮಕ್ಕಳು ಕೋಣೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಪರೀಕ್ಷೆ; ಅದರ ಅಂಕ ನೋಡಿ ಸೋಮವಾರ ಯಾರು ಯಾವ ವಿಭಾಗವೆಂದು ಹೇಳುತ್ತಿದ್ದರು. ನನ್ನ ವಾರ್ಡಿನಲ್ಲೂ ಗಂಟೆಗಳಿದ್ದವು, ಆದರೆ ಗಂಟೆ ಹೊಡೆದರೆ ಒಂದು ಕೆಲಸ ಮುಗಿಯುತ್ತಿತ್ತು. ರೋಗಿಗೆ ನಿದ್ದೆಯ ಹೊತ್ತೆಂದರೆ ದೊಡ್ಡ ಡಾಕ್ಟರೂ ಒಳಗೆ ಬರುವಂತಿರಲಿಲ್ಲ. ಇಲ್ಲಿನ ಗಂಟೆ ಏನನ್ನೂ ಮುಗಿಸುವುದಿಲ್ಲ. ಮೇಲಿನ ಮಾಳಿಗೆಯಲ್ಲಿ ಗೀಚಲೆಂದು ನಾನು ತಂದಿಟ್ಟ ಸೀಮೆಸುಣ್ಣದ ಡಬ್ಬಿಗೆ ಸಿರಿ ಕೈ ಹಚ್ಚಲಿಲ್ಲ. "ಏನು ವಿಚಿತ್ರ ಕಂಡಿತೇ ಇವತ್ತು?" ಎಂದರೆ, "ವಿಚಿತ್ರ ನೋಡಾಕೆ ಟೈಮಿಲ್ಲ ಅಜ್ಜಿ. ಶಾರ್ಟ್‌ಕಟ್ ಬಾಯಿಪಾಠ ಮಾಡಬೇಕು" ಎಂದಳು.

ಆಮೇಲೆ ಆ ಫ್ಲೆಕ್ಸ್ ಬಂತು.

ತರಕಾರಿಗೆಂದು ಆಟೋದಲ್ಲಿ ಹೋಗುತ್ತಿದ್ದೆ. ಸರ್ಕಲ್ಲಿನ ಕಂಬಗಳ ನಡುವೆ, ಎತ್ತಿನ ಬಂಡಿಯಷ್ಟು ಅಗಲದ ಫ್ಲೆಕ್ಸಿನಿಂದ ನನ್ನ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಕೆಳಗೆ ಬೆಂಕಿಬಣ್ಣದ ಅಕ್ಷರಗಳು. ಆಟೋದವನಿಂದ ಓದಿಸಿದೆ: "ಮ್ಯಾಥ್ಸ್‌ಲೋ ಜಿಲ್ಲಾ ಫಸ್ಟ್, ಮಾ ವಿದ್ಯಾರ್ಥಿನಿ." ಗಣಿತದಲ್ಲಿ ಜಿಲ್ಲೆಗೆ ಮೊದಲು, ನಮ್ಮ ವಿದ್ಯಾರ್ಥಿನಿ. ಯಾವ ಜಿಲ್ಲೆ? ಅದು ಇರಲಿಲ್ಲ. ಯಾರು ಕಲಿಸಿದ್ದು? ಅದೂ ಇರಲಿಲ್ಲ. ಪಾಠ ಶುರುವಾಗಿ ಇನ್ನೂ ಪುಸ್ತಕದ ರಟ್ಟು ಸವೆದಿರಲಿಲ್ಲ, ಬಹುಮಾನ ಇವರದಾಗಿತ್ತು! ಮಗುವಿನ ಮೈಮೇಲೆ ಕಪ್ಪು ಕೋಟು, ಕೆಂಪು ಟೈ. ಅವಳು ಹುಟ್ಟಿದಾಗಿನಿಂದ ಕೋಟು ಹಾಕಿದವಳಲ್ಲ. ಯಾರದೋ ಕೋಟಿನ ಮೇಲೆ ಕಂಪ್ಯೂಟರಿನಲ್ಲಿ ಅವಳ ತಲೆ ಕೂರಿಸಿದ್ದರು. ಕತ್ತು ಒಂದು ಬೆರಳು ಪಕ್ಕಕ್ಕೆ ಸರಿದಿತ್ತು. ಆಸ್ಪತ್ರೆಯಲ್ಲಿ ಕತ್ತು ಹಾಗಿದ್ದರೆ ನಾವು ಪಟ್ಟಿ ಕಟ್ಟುತ್ತಿದ್ದೆವು.

ಇಷ್ಟಾದರೂ ಓಣಿಯವರಿಗೆಲ್ಲ ಸಂಭ್ರಮ. ಗೌರಮ್ಮನವರು ಸಕ್ಕರೆ ಹಂಚಿದರು. ಅಷ್ಟಕ್ಕೆ ಬಿಡಲಿಲ್ಲ. ಸಂಜೆ ಉಪ್ಪು, ಒಣಮೆಣಸಿನಕಾಯಿ ಸೆರಗಲ್ಲಿ ಕಟ್ಟಿಕೊಂಡು ಹೊರಟರು.

"ಎಲ್ಲಿಗೆ ಅಮ್ಮಾ?" ಎಂದೆ.

"ಸರ್ಕಲ್ಲಿಗ್ರಿ. ಪಾಪನ ದಿಟ್ಟಿ ತೆಗಿಬೇಕಲ್ರಿ."

"ಮಗು ಇಲ್ಲೇ ಇದೆಯಲ್ಲ."

"ಮಗೂಂದು ಇಲ್ಲಿ ತೆಗಿತೀನ್ರಿ. ಕಣ್ಣು ಬೀಳಾಕತ್ತಿದ್ದು ಅಲ್ಲೈತಲ್ರಿ! ಹೊಳಗುಂದ ಬಸ್ಸು, ಆಲೂರು ಬಸ್ಸು, ಬಳ್ಳಾರಿ ಬಸ್ಸು, ಎಲ್ಲಾರೂ ನೋಡ್ಕೋತಾನ ಹೋಗ್ತಾರ. ಸಿಸ್ಟರ್ ಆದ್ರ ಏನಾತ್ರಿ, ನಿಮಗ ಇದು ತಿಳಿಯಾಂಗಿಲ್ಲ ಬಿಡ್ರಿ."

ಆಟೋ, ಲಾರಿ, ಬೈಕುಗಳ ನಡುವೆ ನಿಂತು ಆ ಹೆಂಗಸು ಫ್ಲೆಕ್ಸಿಗೆ ನಿವಾಳಿಸಿ ಉಪ್ಪು ಮೆಣಸಿನಕಾಯಿ ಅಲ್ಲೇ ಸುಟ್ಟು ಬಂದರು. ಟ್ರಾಫಿಕ್ ಪೊಲೀಸಿನವನು ಸೀಟಿ ಊದುವುದು ಬಿಟ್ಟು ಸೀನುತ್ತ ನಿಂತನಂತೆ. ಈ ಊರಿನಲ್ಲಿ ನನ್ನ ಮೊಮ್ಮಗಳಿಗೆ ಏನೋ ಕೆಟ್ಟದ್ದಾಗುತ್ತಿದೆ ಎಂದು ಶಾಲೆಯವರಿಗಿಂತ ಮೊದಲು ಅನಿಸಿದ್ದು ಗೌರಮ್ಮನವರಿಗೆ. ಅವರ ಔಷಧಿಯಲ್ಲಿ ನನಗೆ ನಂಬಿಕೆಯಿಲ್ಲ. ರೋಗ ಮಾತ್ರ ಸರಿಯಾಗಿಯೇ ಹಿಡಿದಿದ್ದರು.

ಸಿರಿ ಸರ್ಕಲ್ಲು ಬಳಸಿ ಸುತ್ತುದಾರಿಯಲ್ಲಿ ಹೋಗತೊಡಗಿದಳು. ಫ್ಲೆಕ್ಸಿನ ಚಿತ್ರ ಯಾರ ಫೋನಿನಿಂದಲೋ ದಾವಣಗೆರೆಗೂ ಮುಟ್ಟಿತು. ಒಂದು ಸಂಜೆ ರುದ್ರಮುನಿ ಮೇಷ್ಟ್ರ ಫೋನು ಬಂದಾಗ ಇವಳು ಎತ್ತಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು, ಇವಳು ನೋಡುತ್ತಲೇ ಇದ್ದಳು.

"ಯಾಕೆ ಮಗಾ?"

"ಸಾರು ಏನಂದ್ಕಂಡಿರ್ತಾರೆ ಅಜ್ಜಿ? ನಾನೇ ಹಂಗೆ ಹೇಳಿದೀನಿ ಅಂದ್ಕಂಡಿರ್ತಾರೆ."

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಶಾಲೆಗೆ ಹೋದೆ. ಫ್ಲೆಕ್ಸ್ ಇಳಿಸಿ, ಇಲ್ಲವೇ ದಾವಣಗೆರೆಯ ಶಾಲೆಯ ಹೆಸರು ಸೇರಿಸಿ ಎಂದೆ. ಪ್ರಿನ್ಸಿಪಾಲರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಅಮ್ಮಾ, ಇದಿ ಪಬ್ಲಿಸಿಟಿ ಕಾದಮ್ಮಾ, ಇನ್‌ಸ್ಪಿರೇಷನ್," ಎಂದರು. ಪ್ರಚಾರವಲ್ಲವಂತೆ, ಸ್ಫೂರ್ತಿಯಂತೆ. ಬೇರೆ ತಂದೆತಾಯಿಗಳು ತಮ್ಮ ಮಗುವಿನ ಫೋಟೋ ಹಾಕಿಸಲು ಕಾಡುತ್ತಾರಂತೆ, ನಾನೊಬ್ಬಳೇ ತೆಗೆಸಲು ಬಂದವಳಂತೆ. ಈರಣ್ಣ ತಲೆ ತಗ್ಗಿಸಿಕೊಂಡೇ ಅದನ್ನು ಕನ್ನಡ ಮಾಡಿದ. ಸಿಟ್ಟು ಇಳಿಯದೆ ಮನೆಗೆ ಬಂದೆ.

ಕೆಳಗೆ ಜಗಲಿಯ ಮೇಲೆ ಗೌರಮ್ಮನವರ ಯಜಮಾನರು ಬಸಪ್ಪನವರು ಕೂತಿದ್ದರು. ಜೀವನವಿಡೀ ಹತ್ತಿ ವ್ಯಾಪಾರ ಮಾಡಿದವರು. ನನ್ನ ಮಾತೆಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ಸಿಸ್ಟರಮ್ಮಾ, ಯಾರ್ಡಿನ್ಯಾಗ ಹತ್ತಿ ತಗೊಳ್ಳಾದು ನೋಡೀರೇನು? ಅಂಡಿಗಿ ಬಾಯಾಗ ಹೂವಿನಂಗ ಬೆಳ್ಳನ ಹತ್ತಿ ಇಟ್ಟಿರ್ತಾರ. ಅದನ್ನ ನೋಡಿ ರೇಟು ಕಟ್ಟಿದಾತ ಮುಳುಗ್ತಾನ. ಮೊಣಕೈ ತನಕ ಕೈ ತುರುಕಿ ಒಳಗಿಂದು ಎಳಿಬೇಕು. ನೀವು ಶಾಲಿ ನೋಡಾಕ ಹೋದಾಗ ಏನು ನೋಡಿದ್ರಿ? ಡೈಮಂಡು ನೋಡಿ ಬಂದ್ರಿ!"

ಯಾರ್ಡು ಎಂದರೆ ಹತ್ತಿಯ ಮಾರುಕಟ್ಟೆ, ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ. ಗೌರಮ್ಮನವರು ಒಳಗಿನಿಂದಲೇ ಕೂಗಿದರು: "ಈಗ ಹೇಳಾಕತ್ತೀರಲ್ಲ, ಮೇ ತಿಂಗಳದಾಗ ಬಾಯಾಗ ಏನು ಇಟ್ಕೊಂಡಿದ್ರಿ?"

"ಎಲಿ ಇಟ್ಕೊಂಡಿದ್ನೆ," ಎಂದರು ಬಸಪ್ಪನವರು.

ನಾನು ಮತ್ತೆ ಶಾಲೆಗೆ ಹೋದೆ. ಈ ಸಲ ಪ್ರಿನ್ಸಿಪಾಲರ ಕೋಣೆಗೆ ಹೋಗಲಿಲ್ಲ. ಅಂಗಳದಲ್ಲಿ ಈರಣ್ಣನನ್ನು ನಿಲ್ಲಿಸಿ, "ಏಳನೇ ತರಗತಿಯ ಕೊನೆಯ ವಿಭಾಗ ತೋರಿಸಪ್ಪಾ" ಎಂದೆ.

ಅವನು ಗಾಬರಿಯಾದ. "ಅದನ್ನ ಯಾರೂ ಕೇಳಾಂಗಿಲ್ರಿ."

"ಅದಕ್ಕೇ ಕೇಳ್ತಿರೋದು."

ಆ ಕಡೆ ಈ ಕಡೆ ನೋಡಿ, ಹಿಂದಿನ ಮೆಟ್ಟಿಲು ತೋರಿಸಿದ. ಮೇಲೆ ತಗಡಿನ ಮಾಡು. ಆಗಸ್ಟಿನಲ್ಲೂ ಒಲೆಯ ಬಾಯಿಯಂತೆ ಝಳ. ಬೆಂಚಿಗೆ ಐದೈದು ಮಕ್ಕಳು. ಗಣಿತದ ಗಂಟೆ, ಮೇಷ್ಟ್ರಿಲ್ಲ. ಒಬ್ಬ ಹುಡುಗಿ ಬೋರ್ಡಿನ ಮುಂದೆ ನಿಂತು ಮಾತಾಡಿದವರ ಹೆಸರು ಬರೆಯುತ್ತಿದ್ದಳು. ಬೋರ್ಡಿನ ಮೇಲೆ ಬೇರೇನೂ ಇರಲಿಲ್ಲ.

"ಇವರಿಗೆ ಯಾರು ಲೆಕ್ಕ ಹೇಳೋದು?"

"ನಾನಾ ಹೇಳಬೇಕ್ರಿ. ಡೈಮಂಡು ಬಿಟ್ಟು ಬಂದ್ರ ಬೈತಾರ್ರಿ," ಎಂದ. ಬೆಂಚುಗಳ ಕಡೆ ಕೈ ತೋರಿಸಿ, "ಇದರಾಗ ಅರ್ಧ ಮಕ್ಕಳು ನಮ್ಮ ಹೊಳಗುಂದದ ಕಡೇವರ್ರಿ. ಅವರ ಮನೀಗೂ ನಾನಾ ಹೋಗಿ ಕೈಮುಗಿದು ಕರಕೊಂಡು ಬಂದೀನ್ರಿ," ಎಂದ.

ಸಿಟ್ಟು ಬರುವುದೆಂದರೆ ಏನೆಂದು ನನಗೆ ಅಂದು ಗೊತ್ತಾಯಿತು. ನಮ್ಮ ವಾರ್ಡಿನಲ್ಲಿ ಬಾಗಿಲ ಬಳಿಯ ಹಾಸಿಗೆಯನ್ನು ಮಾತ್ರ ಚೊಕ್ಕಟ ಮಾಡಿ ಉಳಿದವರನ್ನು ಕೊಳೆಯಲು ಬಿಟ್ಟಿದ್ದರೆ ನನ್ನ ಟೋಪಿ ಕಿತ್ತು ಮನೆಗೆ ಕಳಿಸುತ್ತಿದ್ದರು. ಇಲ್ಲಿ ಅದಕ್ಕೆ ಶಿಸ್ತು ಎನ್ನುತ್ತಾರೆ. ಈ ತಗಡಿನ ಕೆಳಗಿನ ಮಕ್ಕಳ ಮೇಷ್ಟ್ರನ್ನು ಕಿತ್ತು ನನ್ನ ಮೊಮ್ಮಗಳಿಗೆ ಕೊಟ್ಟಿದ್ದರು, ನನ್ನ ಮೊಮ್ಮಗಳನ್ನು ಕಿತ್ತು ಸರ್ಕಲ್ಲಿನ ಕಂಬಕ್ಕೆ ಕೊಟ್ಟಿದ್ದರು.

ಶಾರದಾ ಒಪ್ಪಲಿಲ್ಲ. "ವರ್ಷದ ಮಧ್ಯೆ ಬಿಡಿಸೋದಾ? ಕೊನೇ ಸೆಕ್ಷನ್ ಹೆಂಗಿದ್ರೆ ನಮಗೇನಮ್ಮಾ? ಇವಳು ಮೊದಲನೇದರಲ್ಲಿ ಇದಾಳಲ್ಲ."

"ಒಂದು ಭಾನುವಾರದ ಪರೀಕ್ಷೇಲಿ ಇವಳಿಗೆ ಜ್ವರ ಬಂದರೆ ಮುಂದಿನ ಸೋಮವಾರ ಎಲ್ಲಿರ್ತಾಳೆ?"

ಅಷ್ಟರಲ್ಲಿ ಸಿರಿಯೇ ಕೋಣೆಯಿಂದ ಬಂದು, "ಅಮ್ಮಾ, ನಮ್ಮ ಬ್ಯಾಚಿನ ಇಬ್ಬರು ಹಂಗೇ ಮೇಲೆ ತಗಡಿನ ಸೆಕ್ಷನ್ನಿಗೆ ಹೋದ್ರು. ಅವರ ಹೆಸರು ಈಗ ಯಾರೂ ಹೇಳಲ್ಲ" ಎಂದಳು. ಶಾರದಾ ಕೈಲಿದ್ದ ತಟ್ಟೆ ಕೆಳಗಿಟ್ಟಳು.

ಮುಂದಿನ ಶಾಲೆಗಳನ್ನು ನಾವು ಮೊಣಕೈ ತನಕ ಕೈ ಹಾಕಿಯೇ ನೋಡಿದೆವು. ಹೋದಲ್ಲೆಲ್ಲ ಒಂದೇ ಬೇಡಿಕೆ: ಕೊನೆಯ ಬೆಂಚು ತೋರಿಸಿ. ಒಂದು ಕಡೆ ಗೇಟಿನ ಒಳಗೇ ಬಿಡಲಿಲ್ಲ. ಇನ್ನೊಂದು ಕಡೆ ನಾನು ಸರ್ಕಾರದ ತಪಾಸಣೆಯವಳೆಂದು ತಿಳಿದು ಚಹಾ ತರಿಸಿದರು. ಕೊನೆಗೆ ಸಿಕ್ಕಿದ್ದು ಹತ್ತಿ ಗಿರಣಿಗಳ ಹಿಂದಿನ ಒಂದು ಹಳೆಯ ಶಾಲೆ. ಕಿಟಕಿಯ ಸರಳಿಗೆಲ್ಲ ಹತ್ತಿಯ ಎಳೆ ಅಂಟಿಕೊಂಡಿರುತ್ತದೆ. ಏಳನೇ ತರಗತಿಗೆ ಇರುವುದೇ ಒಂದು ವಿಭಾಗ. ಕೊನೆಯ ಬೆಂಚಿನ ಹುಡುಗ ತಪ್ಪು ಲೆಕ್ಕ ಮಾಡಿದಾಗ ಗಣಿತದ ಮೇಡಂ ಅದನ್ನು ಅಳಿಸದೆ, ಯಾಕೆ ಹಾಗೆ ಮಾಡಿದೆ ಎಂದು ಅವನಿಂದಲೇ ಹೇಳಿಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಸಿರಿ ನನ್ನ ಸೆರಗು ಎಳೆದಳು. "ಅಜ್ಜಿ, ಆ ತಪ್ಪು ಚೆನ್ನಾಗಿದೆ," ಎಂದಳು. ಜೂನ್‌ನಿಂದ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ.

ಅಲ್ಲಿನ ಹೆಡ್ಮಿಸ್ಟ್ರೆಸ್ ಖಡಕ್ಕು. ಬಹುಮಾನದ ಮಾತು ತೆಗೆದಾಗ ತಲೆಯಾಡಿಸಿ, "ತೆಲುಗು?" ಎಂದರು. ಸೊನ್ನೆ ಎಂದೆ. ಹಾಗಾದರೆ ದಿನಕ್ಕೊಂದು ಗಂಟೆ ಮೂರನೇ ತರಗತಿಯ ಮಕ್ಕಳ ಜೊತೆ ಕೂರಬೇಕು ಎಂದರು. ಜಿಲ್ಲೆಗೆ ಫಸ್ಟ್ ಬಂದವಳು ಮೊಣಕಾಲು ಮಡಚಿ ಚಿಕ್ಕ ಬೆಂಚಿನಲ್ಲಿ ಕೂತು ತಲೆಕಟ್ಟು ಎಳೆಯಲು ಕಲಿತಳು. ಪುಟಾಣಿಗಳು ಇವಳ ಉಚ್ಚಾರಣೆ ತಿದ್ದಿ ಬಿದ್ದುಬಿದ್ದು ನಗುತ್ತಿದ್ದವು. ಈಗ ಅಂಗಡಿ ಬೋರ್ಡುಗಳನ್ನೆಲ್ಲ ನನಗೆ ಇವಳೇ ಓದಿ ಹೇಳುತ್ತಾಳೆ. ರುದ್ರಮುನಿ ಮೇಷ್ಟ್ರಿಗೆ ತಾನೇ ಫೋನು ಮಾಡಿ ಆ ಚೆನ್ನಾದ ತಪ್ಪಿನ ವಿಷಯ ಗಂಟೆಗಟ್ಟಲೆ ಮಾತಾಡಿದಳು. ಫ್ಲೆಕ್ಸಿನ ಮಾತು ಇಬ್ಬರೂ ಎತ್ತಲಿಲ್ಲ.

ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಡೈಮಂಡಿನ ಮಕ್ಕಳು ಮುಂದೆ ದೊಡ್ಡ ಪರೀಕ್ಷೆಗಳಲ್ಲಿ ಇವಳನ್ನು ಹಿಂದೆ ಹಾಕಬಹುದು. ಶಾರದಾಳಿಗೆ ಆ ಅಂಜಿಕೆ ಇವತ್ತಿಗೂ ಇದೆ. ಬುದ್ಧಿವಂತ ಮಗುವನ್ನು ಕರೆದುಕೊಂಡು ಊರು ಬಿಡುವ ನಮ್ಮ ಕಡೆಯ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟೇ: ಅಂಡಿಗೆಯ ಬಾಯಿಯ ಹತ್ತಿ ನೋಡಿ ಬೆಲೆ ಕಟ್ಟಬೇಡಿ. ಆದವಾನಿಗೆ ಬಂದರೂ ಅಷ್ಟೇ, ದಾವಣಗೆರೆಯಲ್ಲೇ ಇದ್ದರೂ ಅಷ್ಟೇ.

ದಸರೆಗೆ ಊರಿಗೆ ಹೋಗಿದ್ದೆವು. ಹಳೆಯ ಗೆಳತಿಯರ ನಡುವೆ ಕೂತು ಮಂಡಕ್ಕಿ ತಿನ್ನುತ್ತ ಸಿರಿ, "ನಮ್ಮ ಆದವಾನ್ಯಾಗ ಇದು ಮೆತ್ತಗಿರ್ತೈತಿ" ಎಂದಳು. ಹುಡುಗಿಯರು ಅವಳ ಮಾತನ್ನು ಅಣಕಿಸಿ ನಕ್ಕರು. ಅವಳಿಗೆ ತಾನು ಹಾಗೆಂದದ್ದೇ ಗೊತ್ತಾಗಿರಲಿಲ್ಲ. ನನಗೂ ಮಂಡಕ್ಕಿ ಬಲು ಗರಿಗರಿ ಎನಿಸಿತು.

ಈಗ ಹತ್ತಿಯ ಕಾಲ. ಯಾರ್ಡಿನ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳ ಸಾಲು. ಮೊನ್ನೆ ಅಕಾಲದ ಮೋಡ ಕವಿದು ಹನಿ ಬೀಳತೊಡಗಿದಾಗ ರೈತರು ಸಿಕ್ಕಿದ್ದನ್ನೆಲ್ಲ ಹತ್ತಿಯ ಮೇಲೆ ಎಳೆದರು. ಸಿರಿಯನ್ನು ಶಾಲೆಯಿಂದ ಕರೆತರುತ್ತಿದ್ದೆ. ಅವಳು ಥಟ್ಟನೆ ನಿಂತಳು. ಒಂದು ಟ್ರೈಲರಿನ ಮೇಲೆ ಕೋಟು, ಟೈ, ಸರಿದ ಕತ್ತು ಎಲ್ಲ ಸಮೇತ ಅವಳೇ ಮಲಗಿದ್ದಳು. ಶಾಲೆಯ ಹೆಸರು ಮಡಿಕೆಯ ಒಳಗೆ ಹೋಗಿತ್ತು. ಮುಖದ ಮೇಲೆ ಹನಿಗಳು ಉರುಳುತ್ತಿದ್ದವು.

ಟ್ರ್ಯಾಕ್ಟರಿನ ರೈತ ಫ್ಲೆಕ್ಸಿನ ಮುಖವನ್ನೂ ಹುಡುಗಿಯನ್ನೂ ಎರಡೆರಡು ಸಲ ನೋಡಿದ. "ಏ, ಈ ಪಾಪ ಆಕೀನಾ ಅಲ್ಲೇನ್ರಿ! ಸರ್ಕಲ್ಲಿನ್ಯಾಗ ಹೊಸಾದು ಕಟ್ಟಿ ಹಳೇದು ಒಗೆದಿದ್ರು, ತಂದೀನ್ರಿ. ಗಟ್ಟಿ ಐತಿ, ಒಂದ್ ಹನಿ ಒಳಗ ಬಿಟ್ಟಿಲ್ಲ."

ಸಿರಿ ಮೊದಲ ಸಲ ಆ ಚಿತ್ರವನ್ನು ಹತ್ತಿರದಿಂದ ನೋಡಿದಳು. ಆಮೇಲೆ ನಕ್ಕಳು. ತನ್ನದೇ ಕೆನ್ನೆಯ ಅಂಚು ಎತ್ತಿ, ಮೊಣಕೈ ತನಕ ಕೈ ತುರುಕಿ ಒಳಗಿನ ಹತ್ತಿ ಎಳೆದು ತೆಗೆದಳು. ಬೆಳ್ಳಗೆ, ಒಣಗಿತ್ತು.

"ಒಳಗೂ ಚಲೋ ಐತಿ," ಎಂದಳು.

"ಮತ್ತ! ಹೊಳಗುಂದದ ಹತ್ತಿ ಐತವ್ವಾ," ಎಂದ ಅವನು ಹೆಮ್ಮೆಯಿಂದ. "ನೀನು ಯಾ ಊರಾಕಿ ಪಾಪ?"

ಅವಳು ಹತ್ತಿಯನ್ನು ಬೆರಳಲ್ಲಿ ಎಳೆಯುತ್ತ ನನ್ನ ಮುಖ ನೋಡಿದಳು. ನಾನು ಕೊಡೆ ಬಿಚ್ಚುವುದರಲ್ಲಿ ಮಗ್ನಳಾದೆ.

"ದಾವಣಗೆರೆ," ಎಂದಳು, ಇಲ್ಲಿಯವರ ರಾಗದಲ್ಲಿ.